ಮೆಂಬ್ರೇನ್ ಕಂಪ್ಯೂಟರಿನೊಳಗೆ ಜೀವಕೋಶ ಇರುತ್ತದೆಯೇ?

ಪ್ರಶ್ನೆ: ಮೆಂಬ್ರೇನ್ ಕಂಪ್ಯೂಟಿಂಗ್ ಅಂದರೆ ಜೀವಕೋಶಗಳಿಂದ ಮಾಡಿದ ಕಂಪ್ಯೂಟರೇ? ಈಗಿನ ಯಂತ್ರಗಳಿಗೆ ಬಗೆಹರಿಯದ ಲೆಕ್ಕಗಳನ್ನು ಅದು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಸುತ್ತದಂತೆ, ನಿಜವೇ?

ಜೀವಕೋಶಗಳಿಂದ ಮಾಡಿದ್ದಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ನಿಲ್ಲುತ್ತಿಲ್ಲ. ರೊಮೇನಿಯಾದ ಗಣಿತಜ್ಞ ಗಿಯೋರ್ಗೆ ಪೌನ್ 1998ರಲ್ಲಿ ರೂಪಿಸಿದ್ದು ಕಾಗದದ ಮೇಲಿನ ಒಂದು ಗಣಿತ ಮಾದರಿ. ಪೊರೆಯೊಳಗೊಂದು ಪೊರೆ (ಮೆಂಬ್ರೇನ್ ಎಂದರೆ ಇದೇ), ಒಳಗೆ ವಸ್ತುಗಳು, ಅವು ಬದಲಾಗುವ ನಿಯಮಗಳು, ಇಷ್ಟನ್ನೇ ಜೀವಕೋಶದಿಂದ ಎರವಲು ಪಡೆದಿದ್ದಾರೆ. ಪೊರೆಯಲ್ಲಿ ಐದು 'ಅ' ಇವೆ, 'ಒಂದು ಅ ಎರಡು ಬ ಆಗಲಿ' ಎಂಬುದು ನಿಯಮ ಎನ್ನಿ. ಸರದಿಯಿಲ್ಲ, ಒಂದೇ ಹೆಜ್ಜೆಗೆ ಐದೂ ಬದಲಾಗಿ ಹತ್ತು 'ಬ' ಬರುತ್ತವೆ.

ಈಗ ಚಿಟಿಕೆಯ ಮಾತು. ಇದೇ ನನಗೆ ಹೆಚ್ಚು ಬೇಸರ ತರಿಸುವ ತಪ್ಪು ತಿಳಿವಳಿಕೆ. ಈ ಮಾದರಿಯ ಒಂದು ಬಗೆಯಲ್ಲಿ ಪೊರೆ ಎರಡಾಗಿ ಸೀಳಬಲ್ಲದು: ಲೆಕ್ಕದಲ್ಲಿ ಬರುವ ಒಂದು ಹೌದು-ಇಲ್ಲ ಆಯ್ಕೆಯನ್ನು ಒಂದು ಹೋಳು 'ಹೌದು' ಎಂದು ಹಿಡಿದು ನೋಡುತ್ತದೆ, ಇನ್ನೊಂದು 'ಇಲ್ಲ' ಎಂದು. ಹತ್ತು ಸಲ ಸೀಳಿದರೆ 1024 ಪೊರೆಗಳು, ಎಲ್ಲ ಸಾಧ್ಯತೆಗಳ ಪರೀಕ್ಷೆಯೂ ಏಕಕಾಲಕ್ಕೆ. ಹೆಜ್ಜೆಗಳು ಕಡಿಮೆ, ಒಪ್ಪಿದೆ. ಆದರೆ ಪೊರೆಗಳನ್ನು ಎಣಿಸಿದಿರಾ? 45 ಸಲ ಸೀಳಿದರೆ ಸುಮಾರು 35 ಲಕ್ಷ ಕೋಟಿ. ಮನುಷ್ಯನ ಇಡೀ ದೇಹದಲ್ಲಿರುವ ಜೀವಕೋಶಗಳೇ ಅಂದಾಜು 30 ಲಕ್ಷ ಕೋಟಿ! ಉಳಿಸಿದ ಸಮಯಕ್ಕೆ ಜಾಗದಲ್ಲಿ ಬೆಲೆ ತೆರಬೇಕು. ಮಾಮೂಲಿ ಕಂಪ್ಯೂಟರಿನಲ್ಲಿ ಇದನ್ನು ಓಡಿಸಿದರೆ ಅದು ಆ ಪೊರೆಗಳನ್ನೆಲ್ಲ ತಾನೇ ನಿಭಾಯಿಸಬೇಕು, ಉಳಿಸಿದ ಸಮಯ ಅಲ್ಲೇ ಕರಗುತ್ತದೆ.

ಡಿಎನ್‌ಎ ಬಳಸಿ ಲೆಕ್ಕ ಬಿಡಿಸುವ ಕತೆಯೂ ಇದೇ. ಕಂಪ್ಯೂಟರ್ ವಿಜ್ಞಾನಿ ಲಿಯೊನಾರ್ಡ್ ಏಡಲ್ಮನ್ 1994ರಲ್ಲಿ ನಿಜವಾದ ಡಿಎನ್‌ಎ ಬಳಸಿ ಏಳು ಊರುಗಳನ್ನೂ ಒಂದೊಂದೇ ಸಲ ಹಾಯುವ ದಾರಿ ಹುಡುಕುವ ಸಮಸ್ಯೆ ಬಿಡಿಸಿದರು. ಪ್ರಯೋಗಾಲಯದ ಕೆಲಸಕ್ಕೆ ಸುಮಾರು ಒಂದು ವಾರ ಹಿಡಿಯಿತು. ಅದೇ ವಿಧಾನದಲ್ಲಿ 200 ಊರುಗಳಿಗೆ ಬೇಕಾಗುವ ಡಿಎನ್‌ಎ ಭೂಮಿಗಿಂತ ಭಾರವಾಗುತ್ತದೆ ಎಂದು ಇನ್ನೊಬ್ಬ ಕಂಪ್ಯೂಟರ್ ವಿಜ್ಞಾನಿ ಯೂರಿಸ್ ಹಾರ್ಟ್‌ಮಾನಿಸ್ ಮರುವರ್ಷವೇ ಲೆಕ್ಕ ಹಾಕಿ ತೋರಿಸಿದರು.

ಹಾಗಾದರೆ ಮೆಂಬ್ರೇನ್ ಕಂಪ್ಯೂಟಿಂಗ್‌ನಿಂದ ಏನು ಉಪಯೋಗ? ಯಾರೂ ಕೇಳದ ಈ ಪ್ರಶ್ನೆಗೆ ಉತ್ತರಿಸಲು ನನಗೆ ಬಲು ಇಷ್ಟ. ಸ್ಪೇನಿನ ಪಿರನೀಸ್ ಬೆಟ್ಟಗಳ ಗಡ್ಡದ ರಣಹದ್ದುಗಳ ಸಂಖ್ಯೆ ಹೇಗೆ ಏರಿಳಿಯುತ್ತದೆಂದು ತಿಳಿಯಲು ಸಂಶೋಧಕರು ಇದೇ ಮಾದರಿಯನ್ನು ಬಳಸಿದ್ದಾರೆ. ಅಲ್ಲಿ ಅಕ್ಷರಗಳ ಜಾಗದಲ್ಲಿ ಪ್ರಾಣಿಗಳು. ನಿಯಮಗಳೆಂದರೆ ಹುಟ್ಟು, ಸಾವು, ಊಟ, ಒಂದೊಂದಕ್ಕೂ ಇಂತಿಷ್ಟು ಸಂಭವನೀಯತೆ. ಈ ಹದ್ದಿನ ಮುಖ್ಯ ಆಹಾರ ಮೂಳೆ. ಹಾಗಾಗಿ ಒಂದು ಕುರಿ ಸತ್ತರೆ ಲೆಕ್ಕದಿಂದ ಕುರಿ ಅಳಿದು, ಅದರ ಜಾಗದಲ್ಲಿ ಮೂಳೆ ಹುಟ್ಟುತ್ತದೆ. ಮುಂದಿನ ನಿಯಮ ಅದನ್ನು ಹದ್ದಿಗೆ ಉಣಿಸುತ್ತದೆ.