ಬೋರ್‌ಹಾವೆ ಸಿಂಡ್ರೋಮ್: ವಾಂತಿಯ ರಭಸಕ್ಕೆ ಅನ್ನನಾಳ ಹರಿದಾಗ

ಜೋರಾಗಿ ವಾಂತಿಯಾದಾಗ, ತೀರಾ ಅಪರೂಪಕ್ಕೆ, ಅನ್ನನಾಳದ ಗೋಡೆ ಒಳಗಿನಿಂದ ಹೊರಗಿನವರೆಗೂ ಸೀಳಿಹೋಗುತ್ತದೆ. ಇದೇ ಬೋರ್‌ಹಾವೆ ಸಿಂಡ್ರೋಮ್. ಹೊಟ್ಟೆಯಲ್ಲಿರಬೇಕಾದ ಅನ್ನ, ನೀರು, ಆಸಿಡ್ ಎಲ್ಲ ಎದೆಗೂಡಿನೊಳಗೆ ಸೋರುತ್ತದೆ. ಚಿಕಿತ್ಸೆ ಸಿಗದಿದ್ದರೆ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ. ಮೊದಲ 24 ಗಂಟೆಯೊಳಗೆ ಸಿಕ್ಕರೆ ಉಳಿಯುವ ಸಾಧ್ಯತೆ ಚೆನ್ನಾಗಿಯೇ ಇದೆ, ಆಮೇಲೆ ಅದು ಬೇಗ ಬೇಗ ಇಳಿಯುತ್ತದೆ. ಇಂಥ ಒಬ್ಬ ರೋಗಿಯನ್ನೂ ನೋಡದೆ ನಿವೃತ್ತರಾದ ವೈದ್ಯರಿದ್ದಾರೆ. ಹಾಗಾಗಿ ರೋಗಿಯ ಕಡೆಯವರು ಹೇಳುವ ಒಂದು ಮಾತಿಗೆ ಇಲ್ಲಿ ಬಹಳ ಬೆಲೆ: ಮೊದಲು ವಾಂತಿ, ಆಮೇಲೆ ನೋವು.

ಹರ್ಮನ್ ಬೋರ್‌ಹಾವೆ ನೆದರ್ಲೆಂಡ್ಸಿನ ಲೈಡನ್ ವಿಶ್ವವಿದ್ಯಾಲಯದ ವೈದ್ಯ. 1723ರಲ್ಲಿ ಡಚ್ ನೌಕಾಪಡೆಯ ಅಡ್ಮಿರಲ್ ಬ್ಯಾರನ್ ವಾನ್ ವಾಸ್ಸೆನಾರ್ ಅವರ ಹಾಸಿಗೆಯ ಬಳಿಗೆ ಅವರನ್ನು ಕರೆಸಿದರು. ಅಡ್ಮಿರಲ್‌ಗೆ ಹೊಟ್ಟೆತುಂಬ ಉಂಡ ಮೇಲೆ ವಾಂತಿಗೆ ಔಷಧಿ ತೆಗೆದುಕೊಳ್ಳುವ ರೂಢಿ. ಆ ದಿನ ಓಕರಿಸುತ್ತಿದ್ದಾಗ ಎದೆಯಲ್ಲಿ ಏನೋ ಹರಿದಂತಾಗಿ ಅವರು ಕಿರುಚಿದರು. ಮರುದಿನದ ಹೊತ್ತಿಗೆ ತೀರಿಹೋದರು. ಶವಪರೀಕ್ಷೆಯಲ್ಲಿ ಎದೆ ತೆರೆದಾಗ ಬೋರ್‌ಹಾವೆ ಅವರ ಮೂಗಿಗೆ ಬಡಿದದ್ದು ಊಟದಲ್ಲಿ ತಿಂದಿದ್ದ ಬಾತುಕೋಳಿ ಮಾಂಸದ ವಾಸನೆ. ಹೊಟ್ಟೆಯಲ್ಲಿ ಇರಬೇಕಾದದ್ದು ಶ್ವಾಸಕೋಶದ ಪಕ್ಕದಲ್ಲಿತ್ತು. 1724ರಲ್ಲಿ ಅವರು ಇದನ್ನೆಲ್ಲ ವಿವರವಾಗಿ ಬರೆದು ಪ್ರಕಟಿಸಿದರು. ಹರಿದ ಅನ್ನನಾಳವನ್ನು ಹೊಲಿದು ರೋಗಿಯನ್ನು ಉಳಿಸಿದ ವರದಿ ಬರಲು 1947ರವರೆಗೆ ಕಾಯಬೇಕಾಯಿತು. ಲಂಡನ್ನಿನ ಸರ್ಜನ್ ನಾರ್ಮನ್ ಬ್ಯಾರೆಟ್ ಅದನ್ನು ಬರೆದವರು.

ಅನ್ನನಾಳ ಹರಿಯುವುದಾದರೂ ಹೇಗೆ? ದೊಡ್ಡವರಲ್ಲಿ ಅದು ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುವಿನ ಕೊಳವೆ. ಜಠರಕ್ಕೂ ಕರುಳಿಗೂ ಇರುವ ಗಟ್ಟಿ ಹೊರಪೊರೆ ಇದಕ್ಕಿಲ್ಲ. ವಾಂತಿ ಬರುವಾಗ ಗಂಟಲಿನ ಹತ್ತಿರದ ಸ್ನಾಯು ಸಡಿಲವಾಗಿ ದಾರಿ ಬಿಡಬೇಕು. ಅದು ಬಿಡದಿದ್ದರೆ ಕೆಳಗಿನಿಂದ ನುಗ್ಗಿದ ಒತ್ತಡಕ್ಕೆ ಹೋಗಲು ಜಾಗವಿಲ್ಲದೆ ಗೋಡೆ ಸೀಳುತ್ತದೆ. ಸೀಳುವುದು ಹೆಚ್ಚಾಗಿ ಕೆಳಗಿನ ತುದಿಯಲ್ಲಿ, ವಪೆಯ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯ) ಸ್ವಲ್ಪ ಮೇಲೆ, ಎಡಮಗ್ಗುಲಿಗೆ. ಉಸಿರು ಒಳಗೆಳೆದಾಗಲೆಲ್ಲ ಎದೆಗೂಡಿನ ಒತ್ತಡ ಇಳಿಯುವುದರಿಂದ ಆ ಸೆಳೆತಕ್ಕೆ ಇನ್ನಷ್ಟು ಆಹಾರ, ಎಂಜಲು, ರೋಗಾಣು ಹೊರಗೆ ಬರುತ್ತವೆ. ಕೆಲವೇ ಗಂಟೆಗಳಲ್ಲಿ ಹೃದಯದ ಸುತ್ತಲಿನ ಜಾಗವೆಲ್ಲ ನಂಜಾಗುತ್ತದೆ. ಇದು ಹೆಚ್ಚಾಗಿ ಕಾಣುವುದು ನಡುವಯಸ್ಸಿನ ಗಂಡಸರಲ್ಲಿ, ಅದರಲ್ಲೂ ಮಿತಿಮೀರಿ ಉಂಡ ಅಥವಾ ಕುಡಿದ ರಾತ್ರಿ. ಹಾಗೆಂದು ಕುಡಿಯದವರಿಗೆ ಬರುವುದಿಲ್ಲ ಎಂದಲ್ಲ.

ನಮ್ಮೂರಿನಲ್ಲಿ ನನಗೆ ಭಯವಾಗುವುದು ಇದರ ಮುಂದಿನ ಹಂತದ ಬಗ್ಗೆ. ಮೆಹೆಂದಿ ಊಟ ಮುಗಿಸಿ ಬಂದವರಿಗೆ ನಡುರಾತ್ರಿ ವಾಂತಿ, ಹಿಂದೆಯೇ ಎದೆ ಸೀಳುವ ನೋವು. ಪಕ್ಕದಲ್ಲಿದ್ದವರು ಹೇಳುವುದು ಒಂದೇ: "ಗ್ಯಾಸ್ ಮಾರಾಯ್ರೆ, ಒಂದು ಸೋಡಾ ಕುಡೀರಿ." ಸೋಡಾ ಇಲ್ಲದಿದ್ದರೆ ಓಮದ ನೀರು, ಮಜ್ಜಿಗೆ, ಪುನರ್ಪುಳಿ ಶರಬತ್ತು. ಅನ್ನನಾಳ ಹರಿದಿದ್ದರೆ ಕುಡಿದ ಪ್ರತಿ ಗುಟುಕೂ ಎದೆಯೊಳಗೆ ಸೋರುತ್ತದೆ. ವಾಂತಿಯ ಬೆನ್ನಿಗೇ ತಡೆಯಲಾರದ ಎದೆನೋವು ಬಂದರೆ ಬಾಯಿಗೆ ಏನನ್ನೂ ಕೊಡಬೇಡಿ, ನೀರನ್ನೂ ಕೂಡ. 108ಕ್ಕೆ ಫೋನ್ ಮಾಡಿ. ಮಲ್ಪೆಯಿಂದಲೋ ಮಂಗಳೂರಿನ ಧಕ್ಕೆಯಿಂದಲೋ ಹೋಗಿ ದಿನಗಟ್ಟಲೆ ಆಳಸಮುದ್ರದಲ್ಲಿರುವ ಬೋಟಿನವರಿಗೆ ಹೀಗಾದರೆ ಬೆಳಗಾಗಲಿ ಎಂದು ಕಾಯಬಾರದು. ಕರಾವಳಿ ರಕ್ಷಣಾ ಪಡೆಯನ್ನು ವಯರ್‌ಲೆಸ್ಸಿನಲ್ಲಿ ಅಥವಾ 1554ರಲ್ಲಿ ಕರೆಯಬೇಕು.

ಆಸ್ಪತ್ರೆಯಲ್ಲೂ ಮೊದಲು ಮನಸ್ಸಿಗೆ ಬರುವುದು ಹೃದಯಾಘಾತ. ಬರಬೇಕಾದದ್ದೂ ಅದೇ, ಯಾಕೆಂದರೆ ನೂರು ಪಾಲು ಹೆಚ್ಚು ಕಾಣುವ ಕಾಯಿಲೆ ಅದು. ಇಸಿಜಿ ಮಾಡಲೇಬೇಕು. ಆದರೆ ಹೃದಯಾಘಾತವೆಂದೇ ತಿಳಿದು ರಕ್ತ ತೆಳುವಾಗುವ ಔಷಧಿ ಕೊಟ್ಟರೆ ಇಲ್ಲಿ ಅಪಾಯ ಹೆಚ್ಚುತ್ತದೆ. ಅಲ್ಸರ್ ಒಡೆದದ್ದು, ಮೇದೋಜೀರಕ ಗ್ರಂಥಿಯ ಊತ, ನ್ಯುಮೋನಿಯಾ ಕೂಡ ಇದೇ ವೇಷದಲ್ಲಿ ಬರುತ್ತವೆ. ಇವುಗಳಿಂದ ಇದನ್ನು ಬೇರೆ ಮಾಡಲು ಮೂರು ಗುರುತುಗಳಿವೆ: ವಾಂತಿ, ಅದರ ಹಿಂದೆ ಎದೆನೋವು, ಆಮೇಲೆ ಕುತ್ತಿಗೆಯ ಚರ್ಮದಡಿ ಗಾಳಿ. ಮೂರನೆಯದನ್ನು ಬೆರಳಿನಿಂದಲೇ ತಿಳಿಯಬಹುದು. ಕೊರಳೆಲುಬಿನ ಮೇಲೆ ಮೆಲ್ಲಗೆ ಒತ್ತಿದರೆ ಬಟ್ಟೆಗಂಟಿನಲ್ಲಿರುವ ಗರಿ ಅವಲಕ್ಕಿಯನ್ನು ಒತ್ತಿದ ಹಾಗೆ ಚರಚರ ಎನ್ನುತ್ತದೆ. ಮೂರೂ ಒಟ್ಟಿಗೆ ಸಿಗದ ರೋಗಿಗಳು ಬಹಳ. ಚರ್ಮದಡಿ ಗಾಳಿ ಸೇರಲು ಹೊತ್ತೂ ಬೇಕು. ಆದ್ದರಿಂದ ಅದಿಲ್ಲವೆಂದು ಸಂಶಯ ಬಿಡುವಂತಿಲ್ಲ.

ಎಕ್ಸ್‌ರೇಯಲ್ಲಿ ಎಡ ಶ್ವಾಸಕೋಶದ ಸುತ್ತ ನೀರು, ಹೃದಯದ ಪಕ್ಕ ಗಾಳಿಯ ಗೆರೆ ಕಾಣಬಹುದು. ಮೊದಲ ಕೆಲವು ಗಂಟೆ ಏನೂ ಕಾಣದೆಯೂ ಇರಬಹುದು. ತೀರ್ಮಾನ ಕೊಡುವುದು ಸಿಟಿ ಸ್ಕ್ಯಾನ್, ಅದೂ ನೀರಿನಲ್ಲಿ ಕರಗುವ ಕಾಂಟ್ರಾಸ್ಟ್ ದ್ರವವನ್ನು ವೈದ್ಯರ ಎದುರಿಗೇ ಸ್ವಲ್ಪ ಕುಡಿಸಿ ತೆಗೆದದ್ದು. ದ್ರವ ಎಲ್ಲಿ ಸೋರುತ್ತದೆಂದು ಅದರಲ್ಲಿ ನೇರವಾಗಿ ಕಾಣುತ್ತದೆ. ಎದೆಗೆ ನಳಿಗೆ ಹಾಕಿ ತೆಗೆದ ನೀರಿನಲ್ಲಿ ಅನ್ನದ ಅಗುಳು ಬಂದರೆ ಮತ್ತೆ ಸಂಶಯವಿಲ್ಲ. ಎಂಜಲು ಸೇರಿರುವುದರಿಂದ ಆ ನೀರಿನಲ್ಲಿ ಅಮೈಲೇಸ್ ಎಂಬ ಜೀರ್ಣಕಿಣ್ವ ಕೂಡ ಏರಿರುತ್ತದೆ.

ಚಿಕಿತ್ಸೆ ಸ್ಕ್ಯಾನಿಗೂ ಮೊದಲೇ ಶುರುವಾಗುತ್ತದೆ: ಬಾಯಿಗೆ ಏನೂ ಇಲ್ಲ, ಡ್ರಿಪ್, ಆ್ಯಂಟಿಬಯಾಟಿಕ್, ಆಸಿಡ್ ತಗ್ಗಿಸುವ ಇಂಜೆಕ್ಷನ್. ಬೇಗ ಬಂದ ರೋಗಿಗೆ ಎದೆ ತೆರೆದು, ಸತ್ತ ಅಂಗಾಂಶ ತೆಗೆದು, ತೊಳೆದು, ಸೀಳನ್ನು ಪದರ ಪದರವಾಗಿ ಹೊಲಿದು, ಪಕ್ಕದ ಸ್ನಾಯುವಿನ ತುಂಡನ್ನು ಅದರ ಮೇಲೆ ಹೊದಿಸುತ್ತಾರೆ. ತಡವಾಗಿ ಬಂದವರಲ್ಲಿ ಗೋಡೆ ಊದಿ ಮೆತ್ತಗಾಗಿ ಹೊಲಿಗೆ ನಿಲ್ಲುವುದೇ ಕಷ್ಟ. ಈಗ ಎಂಡೋಸ್ಕೋಪಿಯಲ್ಲೇ ಸ್ಟೆಂಟ್ (ಒಳಗಿನಿಂದ ಸೀಳನ್ನು ಮುಚ್ಚುವ ನಳಿಗೆ) ಕೂರಿಸುವುದು, ಗಾಯದೊಳಗೆ ಸ್ಪಂಜ್ ಇಟ್ಟು ಸತತವಾಗಿ ಕೀವು ಹೀರುವುದು ಇಂಥ ದಾರಿಗಳೂ ಬಂದಿವೆ. ಸಣ್ಣ ತೂತಾಗಿ ಸೋರಿಕೆ ಹರಡದೆ ಅಲ್ಲೇ ನಿಂತಿದ್ದರೆ ಕೆಲವರಿಗೆ ಆಪರೇಷನ್ ಬೇಕಾಗುವುದಿಲ್ಲ. ಕರುಳಿಗೆ ನೇರವಾಗಿ ಹಾಕಿದ ಟ್ಯೂಬಿನಲ್ಲಿ ವಾರಗಟ್ಟಲೆ ಆಹಾರ ಕೊಡಬೇಕಾಗಬಹುದು. ಇದಕ್ಕೆಲ್ಲ ಎದೆಯ ಸರ್ಜನ್, ಎಂಡೋಸ್ಕೋಪಿ, ಐಸಿಯು ಒಂದೇ ಸೂರಿನಡಿ ಇರಬೇಕು. ಬೈಂದೂರು, ಸುಳ್ಯದ ಕಡೆಯವರಿಗೆ ಮಣಿಪಾಲ ಅಥವಾ ಮಂಗಳೂರು ತಲುಪುವ ದಾರಿಯೇ ಹೊತ್ತು ತಿನ್ನುವುದರಿಂದ, ಸಂಶಯ ಬಂದ ಕ್ಷಣವೇ ಹೊರಡುವುದು ಲೇಸು.

ಅನ್ನನಾಳ ತೂತಾಗಲು ವಾಂತಿಯೇ ಬೇಕೆಂದಿಲ್ಲ. ಹೆಚ್ಚಿನ ತೂತುಗಳು ಆಗುವುದು ಎಂಡೋಸ್ಕೋಪಿಯಂಥ ಚಿಕಿತ್ಸೆಯ ವೇಳೆ, ಅದರಲ್ಲೂ ಕಿರಿದಾದ ಅನ್ನನಾಳವನ್ನು ಹಿಗ್ಗಿಸುವಾಗ. ಮೀನಿಲ್ಲದೆ ಊಟ ಸೇರದ ನಮ್ಮ ಕರಾವಳಿಯಲ್ಲಿ ಮುಳ್ಳಿನದೂ ಒಂದು ಪಾಲಿದೆ. ಮುಳ್ಳು ಸಿಕ್ಕಿದರೆ ಅನ್ನದ ಉಂಡೆಯನ್ನೋ ಬಾಳೆಹಣ್ಣನ್ನೋ ಅಗಿಯದೆ ನುಂಗಿಸುವುದು ಮನೆಮನೆಯ ಪದ್ಧತಿ. ಅದು ಮುಳ್ಳನ್ನು ಇನ್ನೂ ಆಳಕ್ಕೆ ಚುಚ್ಚಬಹುದು. ಅನ್ನನಾಳಕ್ಕೆ ತಾಗಿಯೇ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿ ಹರಿಯುತ್ತದೆ. ಮುಳ್ಳು ಅದನ್ನು ಮುಟ್ಟಿದರೆ ಮೊದಲು ಎದೆನೋವು, ಆಮೇಲೆ ಸ್ವಲ್ಪವೇ ರಕ್ತವಾಂತಿ, ನಂತರ ಏನೂ ಇಲ್ಲದ ಕೆಲವು ಗಂಟೆ ಅಥವಾ ದಿನ, ಕೊನೆಗೆ ನಿಲ್ಲಿಸಲಾಗದ ರಕ್ತಸ್ರಾವ. ಆ ಸುಮ್ಮನಿರುವ ಹೊತ್ತನ್ನು ಗುಣವಾಯಿತೆಂದು ತಿಳಿಯಬಾರದು.

ಬಾಯಿಗೆ ಏನೂ ಕೊಡಬಾರದು ಎಂಬ ನಿಯಮಕ್ಕೆ ಒಂದು ವಿನಾಯಿತಿ ಇದೆ. ಮಗು ರಿಮೋಟಿನ ಅಥವಾ ಆಟಿಕೆಯ ಬಟನ್ ಬ್ಯಾಟರಿ ನುಂಗಿದರೆ ಅದು ಎರಡು ಗಂಟೆಯೊಳಗೇ ಅನ್ನನಾಳವನ್ನು ಸುಡಬಲ್ಲದು. ವಾಂತಿ ಮಾಡಿಸಬಾರದು. ನುಂಗಿ 12 ಗಂಟೆಯೊಳಗಾಗಿದ್ದು ಮಗು ಸರಿಯಾಗಿ ನುಂಗುತ್ತಿದ್ದರೆ, ಆಸ್ಪತ್ರೆಗೆ ಹೋಗುತ್ತಾ ದಾರಿಯಲ್ಲೇ 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನು ಕೊಡಬಹುದು, ಆರು ಸಲಕ್ಕಿಂತ ಹೆಚ್ಚಲ್ಲ. ಜೇನು ಸುಡುವಿಕೆಯನ್ನು ನಿಧಾನ ಮಾಡುತ್ತದೆ ಅಷ್ಟೇ, ಬ್ಯಾಟರಿ ತೆಗೆಯಲೇಬೇಕು. ಹುಡುಕಲು ಅಂಗಡಿ ಸುತ್ತಬೇಡಿ, ಮನೆಯಲ್ಲಿದ್ದರೆ ಕೊಡಿ. ವರ್ಷ ತುಂಬದ ಮಗುವಿಗೆ ಅದೂ ಬೇಡ.