ಉಪ್ಪುನೀರಿನ ಟ್ಯಾಂಕಿನ ನೈಟ್ರೇಟ್: ಬರುವುದೆಷ್ಟು, ಹೋಗುವುದೆಷ್ಟು

ಈ ಟಿಪ್ಪಣಿಗೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹವಳ ಮತ್ತು ಮೀನು ಎರಡೂ ಇರುವ ಟ್ಯಾಂಕ್, ಒಟ್ಟು 200 ಲೀಟರ್ ನೀರು, ಕೆಳಗೆ ಫಿಲ್ಟರ್ ಸಂಪ್ (ಟ್ಯಾಂಕಿನ ನೀರು ಹಾದುಹೋಗುವ ಇನ್ನೊಂದು ತೊಟ್ಟಿ), ಅದರೊಳಗೆ ಸ್ಕಿಮ್ಮರ್ (ಗಾಳಿಗುಳ್ಳೆಗಳ ನೊರೆಯಲ್ಲಿ ಕೊಳೆ ಎತ್ತಿ ಹೊರಹಾಕುವ ಸಾಧನ). ನೈಟ್ರೇಟ್ 40 ಪಿಪಿಎಂ, ಅಂದರೆ ಲೀಟರಿಗೆ 40 ಮಿಲಿಗ್ರಾಂ. ಪ್ರತಿ ವಾರ 20 ಲೀಟರ್ ನೀರು ಬದಲಾಯಿಸಿದರೂ ಅಂಕಿ ಕದಲುತ್ತಿಲ್ಲ. ಇಂಥ ಟ್ಯಾಂಕಿನಲ್ಲಿ ಮೊದಲು ಬೇಕಾದದ್ದು ಬಾಟಲಿ ಔಷಧಿಯಲ್ಲ, ಜಮಾ-ಖರ್ಚಿನ ಲೆಕ್ಕ.

ಮೀನಿನ ಆಹಾರದಲ್ಲಿರುವ ಪ್ರೋಟೀನ್ ಅಮೋನಿಯಾ ಆಗುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಆಮ್ಲಜನಕ ಇರುವ ಕಡೆ ಕಥೆ ಅಲ್ಲಿಗೇ ಮುಗಿಯುತ್ತದೆ. ಲೈವ್ ರಾಕ್ ಎಂಬ, ಜೀವಿಗಳು ನೆಲೆಸಿದ ತೂತುಗಲ್ಲಿನ ಒಳಭಾಗ, ದಪ್ಪ ಮರಳಿನ ತಳ, ಇಂಥ ಆಮ್ಲಜನಕವಿಲ್ಲದ ಜಾಗದಲ್ಲಿ ಮಾತ್ರ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಸಾಮಾನ್ಯ ಟ್ಯಾಂಕಿನಲ್ಲಿ ಆ ಜಾಗ ಕಡಿಮೆ. ಹಾಗಾಗಿ ನೈಟ್ರೇಟ್ ಕೂಡುತ್ತಲೇ ಹೋಗುತ್ತದೆ.

ಎಷ್ಟು ಕೂಡುತ್ತದೆ? ದಿನಕ್ಕೆ 1 ಗ್ರಾಂ ಒಣ ಆಹಾರ ಹಾಕುತ್ತೀರಿ, ಅದರಲ್ಲಿ ಪ್ರೋಟೀನ್ 45% ಎನ್ನೋಣ. ಪ್ರೋಟೀನಿನ ತೂಕದಲ್ಲಿ ಸುಮಾರು 16% ಸಾರಜನಕ. ಅಂದರೆ 0.072 ಗ್ರಾಂ. ನೈಟ್ರೇಟ್‌ನ ತೂಕ ಅದರೊಳಗಿನ ಸಾರಜನಕದ ತೂಕದ 4.43 ಪಟ್ಟು, ಹಾಗಾಗಿ ಪೂರ್ತಿ ನೈಟ್ರೇಟ್ ಆದರೆ 4.43ರಿಂದ ಗುಣಿಸಬೇಕು: 0.32 ಗ್ರಾಂ. 200 ಲೀಟರಿನಲ್ಲಿ ಅದು ದಿನಕ್ಕೆ 1.6 ಪಿಪಿಎಂ, ವಾರಕ್ಕೆ 11. ಇದು ಗರಿಷ್ಠ ಲೆಕ್ಕ. ಸ್ವಲ್ಪ ಮೀನಿನ ಮೈಗೆ ಸೇರುತ್ತದೆ, ಸ್ವಲ್ಪ ಸ್ಕಿಮ್ಮರ್ ಎಳೆಯುತ್ತದೆ, ಸ್ವಲ್ಪ ರಾಕ್‌ನಲ್ಲಿ ಅನಿಲವಾಗುತ್ತದೆ. ಎಲ್ಲ ಕಳೆದು ವಾರಕ್ಕೆ 4 ಪಿಪಿಎಂ ಉಳಿಯಿತು ಎಂದಿಟ್ಟುಕೊಳ್ಳಿ.

ಈಗ 40 ಯಾಕೆ ಕದಲುವುದಿಲ್ಲ ಎಂಬುದು ತಿಳಿಯುತ್ತದೆ. ವಾರದ ಏರಿಕೆಯನ್ನು ಬದಲಾಯಿಸುವ ಪಾಲಿನಿಂದ ಭಾಗಿಸಿ. 4 ಭಾಗಿಸು 0.10 ಅಂದರೆ 40. ನೀರು ಬದಲಾಯಿಸುವ ಮುಂಚಿನ ಅಂಕಿ ಬಂದು ನಿಲ್ಲುವುದು ಅಲ್ಲೇ. ವಾರಕ್ಕೆ 20% ಬದಲಾಯಿಸಿದರೆ 20ಕ್ಕೆ, 25% ಆದರೆ 16ಕ್ಕೆ ನಿಲ್ಲುತ್ತದೆ. ಒಂದೇ ಸಲ ಅರ್ಧ ಟ್ಯಾಂಕ್ ನೀರು ಬದಲಿಸಿದರೆ ಅಂದಿಗೆ 20 ಕಾಣುತ್ತದೆ, ಆದರೆ ಹಳೇ ಪದ್ಧತಿಗೆ ಮರಳಿದರೆ ತಿಂಗಳುಗಳಲ್ಲಿ ಮತ್ತೆ 40ರ ಹತ್ತಿರ ಏರುತ್ತದೆ. ಬರುವುದನ್ನು 4ರಿಂದ 2ಕ್ಕೆ ಇಳಿಸಿದರೆ ಅದೇ 10% ಬದಲಾವಣೆಯಲ್ಲೇ 20ಕ್ಕೆ ಬಂದು ನಿಲ್ಲುತ್ತದೆ.

ಗುರಿ ಸೊನ್ನೆಯಲ್ಲ. ಹವಳದ ಟ್ಯಾಂಕಿಗೆ 2ರಿಂದ 10 ಪಿಪಿಎಂ ಸಾಕು, ಮೀನು ಮಾತ್ರ ಇದ್ದರೆ 20ರ ಆಸುಪಾಸು ತೊಂದರೆಯಿಲ್ಲ. ನೈಟ್ರೇಟ್ ಮತ್ತು ಫಾಸ್ಫೇಟ್ ಎರಡೂ ಸೊನ್ನೆಯಾದ ಟ್ಯಾಂಕಿನಲ್ಲಿ ಹವಳ ಬಿಳಚುತ್ತದೆ, ಡೈನೋಫ್ಲಾಜೆಲೇಟ್ ಎಂಬ ಲೋಳೆ ಪಾಚಿ ಹಬ್ಬುತ್ತದೆ. ಅದನ್ನು ಓಡಿಸುವುದು ನೈಟ್ರೇಟ್ ಇಳಿಸುವುದಕ್ಕಿಂತ ಎಷ್ಟೋ ಕಷ್ಟ.

ಅಳತೆ ಸರಿಯಿದೆಯೇ?

ಎರಡು ಬಾಟಲಿಯ ಕಿಟ್‌ಗಳಲ್ಲಿ ಎರಡನೆಯದರ ಪುಡಿ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಅದನ್ನು ಕನಿಷ್ಠ 30 ಸೆಕೆಂಡ್ ಬಲವಾಗಿ ಕುಲುಕದಿದ್ದರೆ ಫಲಿತಾಂಶ ಸುಳ್ಳಾಗಿ ಕಡಿಮೆ ಬರುತ್ತದೆ. ಈ ಕಿಟ್‌ಗಳು ನೈಟ್ರೇಟನ್ನು ನೈಟ್ರೈಟ್ ಮಾಡಿ ಬಣ್ಣ ತೋರಿಸುವುದರಿಂದ, ಹೊಸ ಟ್ಯಾಂಕಿನಲ್ಲಿ ಈಗಾಗಲೇ ನೈಟ್ರೈಟ್ ಇದ್ದರೆ ಅಂಕಿ ವಿಪರೀತ ಮೇಲೇರುತ್ತದೆ. ನೈಟ್ರೈಟ್ ಸೊನ್ನೆ ಆಗುವವರೆಗೆ ನೈಟ್ರೇಟ್ ಅಂಕಿಯನ್ನು ನಂಬಬೇಡಿ. ಕೆಲವು ಕಿಟ್‌ಗಳು ಬರೀ ಸಾರಜನಕದ ಲೆಕ್ಕದಲ್ಲಿ ಅಂಕಿ ಕೊಡುತ್ತವೆ, ಅದನ್ನು 4.43ರಿಂದ ಗುಣಿಸಬೇಕು. 40ರ ಮೇಲೆ ಕೆಂಪು ಬಣ್ಣಗಳ ವ್ಯತ್ಯಾಸ ಕಣ್ಣಿಗೆ ಸಿಗುವುದಿಲ್ಲ. ಟ್ಯಾಂಕಿನ ನೀರು 1 ಪಾಲು, ಡಿಐ ನೀರು (ಲವಣಗಳನ್ನೆಲ್ಲ ತೆಗೆದ ಶುದ್ಧ ನೀರು) 3 ಪಾಲು ಬೆರೆಸಿ ಅಳೆದು, ಬಂದ ಅಂಕಿಯನ್ನು 4ರಿಂದ ಗುಣಿಸಿ.

ಹಾಕುವ ನೀರಿನಲ್ಲೇ ನೈಟ್ರೇಟ್

ನಮ್ಮಲ್ಲಿ ಬೋರ್‌ವೆಲ್ ನೀರು ಬಳಸುವವರು ಇದನ್ನು ಮೊದಲು ನೋಡಬೇಕು. ಕುಡಿಯುವ ನೀರಿನ ನೈಟ್ರೇಟ್‌ಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಿತಿ ಲೀಟರಿಗೆ 45 ಮಿಲಿಗ್ರಾಂ. ಕರ್ನಾಟಕದ ಅನೇಕ ಕಡೆ ಅಂತರ್ಜಲ ಆ ಮಿತಿಯನ್ನೂ ದಾಟುತ್ತದೆ. ಟ್ಯಾಂಕಿನಿಂದ ದಿನಕ್ಕೆ 3 ಲೀಟರ್ ಆವಿಯಾದರೆ ಹೋಗುವುದು ನೀರು ಮಾತ್ರ, ನೈಟ್ರೇಟ್ ಅಲ್ಲೇ ಉಳಿಯುತ್ತದೆ. ಆ ಜಾಗಕ್ಕೆ 45ರ ನೀರು ಸುರಿದರೆ ವಾರಕ್ಕೆ 21 ಲೀಟರ್, 945 ಮಿಲಿಗ್ರಾಂ, ಅಂದರೆ 4.7 ಪಿಪಿಎಂ. ಒಂದು ಚಿಟಿಕೆ ಆಹಾರ ಹಾಕದಿದ್ದರೂ ಇಷ್ಟು ಏರುತ್ತದೆ. ಕುದಿಸಿದರೆ ಇನ್ನೂ ಗಟ್ಟಿಯಾಗುತ್ತದೆಯೇ ಹೊರತು ಹೋಗುವುದಿಲ್ಲ.

ಅಡುಗೆಮನೆಯ ಆರ್‌ಓ ಇದೆಯಲ್ಲ ಎನ್ನಬಹುದು. ಅವುಗಳಲ್ಲಿ ಹಲವಕ್ಕೆ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) ಕಂಟ್ರೋಲರ್ ಇರುತ್ತದೆ. ರುಚಿಗಾಗಿ ಅದು ಆರ್‌ಓ ಆಗದ ನೀರನ್ನು ಸ್ವಲ್ಪ ಬೆರೆಸುತ್ತದೆ. ಮೆಂಬ್ರೇನ್‌ ಕೂಡ ಬೇರೆ ಉಪ್ಪುಗಳಷ್ಟು ಚೆನ್ನಾಗಿ ನೈಟ್ರೇಟನ್ನು ತಡೆಯುವುದಿಲ್ಲ. ಕಂಟ್ರೋಲರ್ ಮತ್ತು ಮಿನರಲ್ ಕಾರ್ಟ್ರಿಜ್‌ಗಿಂತ ಮುಂಚೆ, ಮೆಂಬ್ರೇನ್‌ನಿಂದ ಹೊರಬರುವ ಪೈಪಿಗೆ ಒಂದು ಕವಲು ಕೊಟ್ಟು, ಅದನ್ನು ಡಿಐ ರೆಸಿನ್ (ಉಳಿದ ಲವಣ ಹಿಡಿಯುವ ಹರಳುಗಳು) ತುಂಬಿದ ಹೌಸಿಂಗ್‌ಗೆ ಹಾಯಿಸಿ. ಟಿಡಿಎಸ್ ಮೀಟರ್ 0 ತೋರಿಸಬೇಕು. 1 ಅಥವಾ 2 ತೋರಿಸತೊಡಗಿದರೆ ರೆಸಿನ್ ಬದಲಾಯಿಸುವ ಹೊತ್ತು ಬಂದಿದೆ.

ಕೊಳೆ ಕೂರುವ ಜಾಗ

ಫಿಲ್ಟರ್ ಸಾಕ್ (ನೀರು ಸೋಸುವ ಬಟ್ಟೆ ಚೀಲ) ಮತ್ತು ಹತ್ತಿಯನ್ನು 3 ದಿನಕ್ಕೊಮ್ಮೆ ತೊಳೆಯಿರಿ. ಹಾಗೇ ಬಿಟ್ಟರೆ ಅದರಲ್ಲಿ ಸಿಕ್ಕ ಕೊಳೆ ಅಲ್ಲೇ ಕೊಳೆತು ನೈಟ್ರೇಟ್ ಆಗುತ್ತದೆ. ಸಂಪಿನ ತಳವನ್ನು ನೀರು ಬದಲಾಯಿಸುವಾಗಲೇ ಸೈಫನ್ ಮಾಡಿ. ಬಯೋ ಬಾಲ್‌ಗಳಿದ್ದರೆ (ಬ್ಯಾಕ್ಟೀರಿಯಾ ನೆಲೆಸುವ, ಕೊಳೆಯೂ ಕೂರುವ ಪ್ಲಾಸ್ಟಿಕ್ ಚೆಂಡುಗಳು) ವಾರಕ್ಕೆ ಕಾಲು ಭಾಗದಂತೆ ತೆಗೆಯಿರಿ, ಒಮ್ಮೆಗೇ ತೆಗೆದರೆ ಅಮೋನಿಯಾ ಏರಬಹುದು. ವರ್ಷಗಟ್ಟಲೆ ಮುಟ್ಟದ ದಪ್ಪ ಮರಳನ್ನು ಕೆದಕಬೇಡಿ. ಅದರ ಕಪ್ಪು ಪದರದಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ, ಅದು ಮೀನಿಗೆ ವಿಷ.

ವಿನೆಗರ್ ಹಾಕುವ ವಿಧಾನ

ಮೇಲಿನ ಮೂರೂ ಸರಿಯಾದ ಮೇಲೂ ಅಂಕಿ ಇಳಿಯದಿದ್ದರೆ ಮಾತ್ರ ಇದು. ಬ್ಯಾಕ್ಟೀರಿಯಾಗೆ ಇಂಗಾಲ ಕೊಟ್ಟರೆ ಅವು ಬೆಳೆಯುತ್ತವೆ, ಬೆಳೆಯಲು ನೈಟ್ರೇಟ್ ಮತ್ತು ಫಾಸ್ಫೇಟ್ ಹೀರುತ್ತವೆ, ಆ ಬ್ಯಾಕ್ಟೀರಿಯಾಗಳನ್ನು ಸ್ಕಿಮ್ಮರ್ ಹೊರಹಾಕುತ್ತದೆ. ಸ್ಕಿಮ್ಮರ್ ಇಲ್ಲದ ಟ್ಯಾಂಕಿನಲ್ಲಿ ಮಾಡಲೇಬೇಡಿ.

ಅಂಗಡಿಯ ಬಣ್ಣವಿಲ್ಲದ ವಿನೆಗರ್, ಲೇಬಲ್‌ನಲ್ಲಿ ಅಸಿಟಿಕ್ ಆಮ್ಲ 4% ಎಂದಿರುವುದು, ಸಾಕು. ಕ್ಯಾರಮೆಲ್ ಬಣ್ಣದ್ದು ಬೇಡ. ವೋಡ್ಕಾ ಬಳಸುವವರ ಲೆಕ್ಕ ಓದಿದ್ದರೆ, 40% ವೋಡ್ಕಾ 1 ಮಿಲಿಯ ಇಂಗಾಲಕ್ಕೆ ಈ ವಿನೆಗರ್ ಸುಮಾರು 10 ಮಿಲಿ ಸಮ. ಸರ್ಜಿಕಲ್ ಸ್ಪಿರಿಟ್ ಅಂತೂ ಹತ್ತಿರ ತರಬೇಡಿ, ಅದರಲ್ಲಿ ಬೇರೆ ರಾಸಾಯನಿಕ ಬೆರೆಸಿರುತ್ತಾರೆ.

ನಮ್ಮ 200 ಲೀಟರಿಗೆ ಮೊದಲ 3 ದಿನ ದಿನಕ್ಕೆ 2 ಮಿಲಿ, ಮುಂದಿನ 4 ದಿನ 4 ಮಿಲಿ. ಆಮೇಲೆ ದಿನದ ಡೋಸನ್ನು ವಾರಕ್ಕೆ 2 ಮಿಲಿಯಂತೆ ಏರಿಸಿ, ಪ್ರತಿ ವಾರ ಅಳೆಯಿರಿ. ನೈಟ್ರೇಟ್ ಇಳಿಯತೊಡಗಿದ ಡೋಸ್‌ನಲ್ಲೇ ನಿಲ್ಲಿಸಿ. ಮೊದಲ ಮೂರ್ನಾಲ್ಕು ವಾರ ಏನೂ ಕಾಣದಿರಬಹುದು, ಅವಸರಪಟ್ಟು ದುಪ್ಪಟ್ಟು ಮಾಡುವವರೇ ಮೀನು ಕಳೆದುಕೊಳ್ಳುವುದು. ಲೈಟ್ ಹತ್ತಿದ ಮೇಲೆ, ಬೆಳಿಗ್ಗೆ, ಸ್ಕಿಮ್ಮರ್ ಪಂಪ್‌ ಹತ್ತಿರ ನಿಧಾನವಾಗಿ ಬಿಡಿ. ರಾತ್ರಿ ಪಿಎಚ್ ಮತ್ತು ಆಮ್ಲಜನಕ ಎರಡೂ ಮೊದಲೇ ಕಡಿಮೆ ಇರುತ್ತವೆ.

ಇಳಿಯುವುದು ನಡುವೆ ನಿಂತರೆ ಫಾಸ್ಫೇಟ್ ನೋಡಿ. ಸಮುದ್ರದ ಸೂಕ್ಷ್ಮಜೀವಿಗಳ ಮೈಯಲ್ಲಿ 16 ಸಾರಜನಕಕ್ಕೆ 1 ರಂಜಕ ಎಂಬ ರೆಡ್‌ಫೀಲ್ಡ್ ಅನುಪಾತವನ್ನು ಪಿಪಿಎಂಗೆ ತಂದರೆ, 10 ನೈಟ್ರೇಟ್‌ಗೆ ಸುಮಾರು 1 ಫಾಸ್ಫೇಟ್ ಬೇಕು. ನಿಮ್ಮಲ್ಲಿ 0.02 ಮಾತ್ರ ಇದ್ದರೆ ಬ್ಯಾಕ್ಟೀರಿಯಾ ಬೆಳೆಯಲಾರದು, ವಿನೆಗರ್ ಎಷ್ಟು ಸುರಿದರೂ ವ್ಯರ್ಥ. ಜಿಎಫ್‌ಓ (ಫಾಸ್ಫೇಟ್ ಹೀರುವ ಕಬ್ಬಿಣದ ಹರಳು) ಹಾಕಿದ್ದರೆ ತೆಗೆದು, ಫಾಸ್ಫೇಟ್ 0.03ಕ್ಕಿಂತ ಕೆಳಗೆ ಹೋಗದಂತೆ ನೋಡಿಕೊಳ್ಳಿ.

ನೀರು ಹಾಲಿನಂತೆ ಮಬ್ಬಾಗಿ ಮೀನು ಮೇಲ್ಮೈಗೆ ಬಂದು ಬಾಯಿ ಬಡಿಯುತ್ತಿದ್ದರೆ, ಬ್ಯಾಕ್ಟೀರಿಯಾಗಳು ಆಮ್ಲಜನಕ ತಿಂದುಹಾಕುತ್ತಿವೆ. ಡೋಸ್ ನಿಲ್ಲಿಸಿ, ಏರ್ ಸ್ಟೋನ್ ಹಾಕಿ. ಕರೆಂಟ್ ಹೋದಾಗ ಸ್ಕಿಮ್ಮರ್ ನಿಲ್ಲುತ್ತದೆ, ಆದ್ದರಿಂದ ಬ್ಯಾಟರಿಯ ಏರ್ ಪಂಪ್ ಇಲ್ಲದೆ ಈ ವಿಧಾನ ಶುರು ಮಾಡಬೇಡಿ. ಮರಳಿನ ಮೇಲೆ ಕೆಂಪು ಹಾಳೆಯಂತೆ ಸಯನೋಬ್ಯಾಕ್ಟೀರಿಯಾ ಬಂದರೂ ಡೋಸ್ ಅರ್ಧಕ್ಕಿಳಿಸಿ. ನೈಟ್ರೇಟ್ 50 ಪಿಪಿಎಂ ಹೋದರೆ ಕ್ಷಾರತೆ ಸುಮಾರು 2.3 ಡಿಕೆಎಚ್ (ಕ್ಷಾರತೆಯ ಅಳತೆ) ಹಿಂತಿರುಗುತ್ತದೆ. ಮಾಮೂಲಿಯಂತೆ ಕ್ಷಾರತೆ ಹೆಚ್ಚಿಸುವ ಬಫರ್ ಹಾಕುತ್ತಾ ಹೋದರೆ ಅದು ಮೇಲೇರಿ, ಅಕ್ರೊಪೊರಾ ಎಂಬ ಹವಳದ ತುದಿಗಳು ಸುಡುತ್ತವೆ. ಕ್ಷಾರತೆ 7ರಿಂದ 8.5 ಡಿಕೆಎಚ್ ನಡುವೆ ಇರಲಿ.

ಕೀಟೋಮಾರ್ಫಾ ಪಾಚಿಯನ್ನು ಸಂಪಿನಲ್ಲಿ ಬೆಳೆಸುವುದು ಇದಕ್ಕಿಂತ ನಿಧಾನ, ಆದರೆ ಅಪಾಯ ಕಡಿಮೆ. ಪಾಚಿಯನ್ನು ಕಿತ್ತು ಹೊರಹಾಕಿದಾಗ ಮಾತ್ರ ನೈಟ್ರೇಟ್ ಹೋಗುತ್ತದೆ, ಬೆಳೆದು ತುಂಬಿಕೊಂಡರೆ ಲಾಭವಿಲ್ಲ. ಸಿಹಿನೀರಿಗೆ ಮಾರುವ ನೈಟ್ರೇಟ್ ರೆಸಿನ್ ಇಲ್ಲಿ ಕೆಲಸ ಮಾಡದು. ಲೀಟರಿಗೆ 19 ಗ್ರಾಂ ಕ್ಲೋರೈಡ್ ಇರುವ ಸಮುದ್ರದ ನೀರಿನಲ್ಲಿ ಆ ರೆಸಿನ್‌ನ ಜಾಗವನ್ನೆಲ್ಲ ಕ್ಲೋರೈಡ್ ಹಿಡಿದುಕೊಳ್ಳುತ್ತದೆ.

ಅಂಕಿ 10ರ ಕೆಳಗೆ ಬಂದ ಮೇಲೆ ವಿನೆಗರ್ ಅರ್ಧಕ್ಕಿಳಿಸಿ, ಎರಡು ವಾರ ಅದೇ ಡೋಸ್‌ನಲ್ಲಿ ನೋಡಿ. ಊರಿಗೆ ಹೋಗುವಾಗ ಡೋಸಿಂಗ್ ಕೆಲಸವನ್ನು ಇನ್ನೊಬ್ಬರಿಗೆ ವಹಿಸಬೇಡಿ, ನಿಲ್ಲಿಸಿಯೇ ಹೋಗಿ. ಆಹಾರವನ್ನು ಮಾತ್ರ ದಿನಕ್ಕೊಂದರಂತೆ ಮಾತ್ರೆ ಡಬ್ಬಿಯಲ್ಲಿ ಅಳೆದಿಟ್ಟು, ಉಳಿದ ಪೊಟ್ಟಣವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ.