ಗೇಟಿನ ಪಕ್ಕ, ಗೇಟಿಗೆ ಅಡ್ಡ

ಕೆಲವು ವರ್ಷಗಳ ಹಿಂದೆ, ಬೇಸಿಗೆಯ ಒಂದು ಸಂಜೆ, ರಾಯಚೂರಿನ ನನ್ನ ಆಫೀಸಿಗೆ ಒಂಬತ್ತು ವಿದ್ಯಾರ್ಥಿಗಳು ಬಂದರು. ಕುರ್ಚಿ ಇದ್ದದ್ದು ನಾಲ್ಕು. ಯಾರೂ ಕೂರಲಿಲ್ಲ. ಒಬ್ಬ ಹುಡುಗ ನಾಲ್ಕು ಮಡಿಕೆಯ ಎಫ್‌ಐಆರ್ ಪ್ರತಿಯನ್ನು ಬಿಚ್ಚಿ ಟೇಬಲ್ ಮೇಲೆ ಇಟ್ಟ. ಸೆಕ್ಷನ್ 143, 147, 341, 188, ಜೊತೆಗೆ 149. ಅಕ್ರಮ ಕೂಟ, ಗಲಭೆ, ತಡೆ, ಆದೇಶ ಮೀರಿದ್ದು, ಹೀಗೆ. ಹಳೆಯ ಐಪಿಸಿ, ಅಂದರೆ ಭಾರತೀಯ ದಂಡ ಸಂಹಿತೆಯ ಕಾಲ ಅದು.

ಅವರ ಕಾಲೇಜಿಗೆ ಒಬ್ಬ ಭಾಷಣಕಾರರನ್ನು ಕರೆಸಿದ್ದರು. ಮೀಸಲಾತಿಯಿಂದ ಮೆರಿಟ್ ಸತ್ತಿದೆ ಅಂತ ಊರೂರಲ್ಲಿ ಮಾತಾಡುವವರು. ಈ ಹುಡುಗರು ವಿರೋಧಿಸಿದರು. ಭಾಷಣಕಾರರ ಕಾರು ಗೇಟಿನಿಂದಲೇ ವಾಪಸ್ ಹೋಯಿತು. ಕಾರ್ಯಕ್ರಮ ರದ್ದಾಯಿತು. ಅದೇ ರಾತ್ರಿ ಕೇಸು.

ಹಿಂದೆ ನಿಂತಿದ್ದ ಹುಡುಗಿಯೊಬ್ಬಳ ಕೈಯಲ್ಲಿ ಆ ದಿನದ ಬೋರ್ಡು ಇನ್ನೂ ಇತ್ತು. ಹಳೇ ಕ್ಯಾಲೆಂಡರಿನ ಹಾಳೆ, ಅದರ ಹಿಂಬದಿಗೆ ಸ್ಕೆಚ್ ಪೆನ್ನಿನಲ್ಲಿ ಬರೆದದ್ದು: ‘ನಮ್ಮಪ್ಪನ ಬೆವರಿಗೆ ಮೆರಿಟ್ ಇಲ್ಲವೇ?’ ಅವಳ ಅಪ್ಪ ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ಹಮಾಲಿ.

‘ಸರ್, ನಾವು ಮಾತಾಡಬಾರದೇನ್ರಿ?’ ಅಂತ ಕೇಳಿದಳು.

‘ಮಾತಾಡಬೇಕು ತಂಗಿ. ನೀನು ಎಲ್ಲಿ ನಿಂತಿದ್ದಿ, ಅದನ್ನ ಹೇಳು ಮೊದಲು’ ಅಂದೆ.

ಗೇಟಿನ ಪಕ್ಕ, ಬೇವಿನ ಗಿಡದ ಕೆಳಗೆ ನಿಂತಿದ್ದಳಂತೆ. ಏಳು ಜನ ಅಲ್ಲಿದ್ದರು. ಉಳಿದ ಇಬ್ಬರು ಬೈಕಿನ ಸರಪಳಿಯನ್ನು ಗೇಟಿಗೆ ಸುತ್ತಿ ಬೀಗ ಹಾಕಿದ್ದರು. ಎಫ್‌ಐಆರ್‌ನಲ್ಲಿ ಮಾತ್ರ ಒಂಬತ್ತೂ ಹೆಸರು ಒಂದೇ ಸಾಲಿನಲ್ಲಿ.

ಇಪ್ಪತ್ತು ವರ್ಷದ ವಕೀಲಿಯಲ್ಲಿ ಇಂಥ ಕೇಸು ಹಲವು ನೋಡಿದ್ದೇನೆ. ಎಡದವರು, ಬಲದವರು, ಯಾವ ಬಣ್ಣವೂ ಇಲ್ಲದವರು, ಎಲ್ಲರ ಪರವಾಗಿಯೂ ನಿಂತಿದ್ದೇನೆ. ಪ್ರತಿ ಸಲ ನಾನು ಹುಡುಕುವುದು ಒಂದೇ ಸಂಗತಿ. ಗೇಟಿನ ಪಕ್ಕ ನಿಂತವರು ಯಾರು, ಗೇಟಿಗೆ ಅಡ್ಡ ನಿಂತವರು ಯಾರು.

ಸಂವಿಧಾನದ 19ನೇ ವಿಧಿಯನ್ನು ಒಮ್ಮೆ ತೆಗೆದು ಓದಿ. 19(1)(ಎ)ಯಲ್ಲಿ ಮಾತಿನ ಹಕ್ಕಿದೆ. ಅದರ ಕೆಳಗಿನ ಸಾಲೇ 19(1)(ಬಿ), ಆಯುಧವಿಲ್ಲದೆ ಶಾಂತಿಯಿಂದ ಸೇರುವ ಹಕ್ಕು. ಒಳಗೆ ಮೈಕ್ ಹಿಡಿದವರಿಗೆ ಮೊದಲನೆಯದು ಇದ್ದರೆ, ಹೊರಗೆ ಬೋರ್ಡು ಹಿಡಿದವರಿಗೆ ಎರಡೂ ಇವೆ. ಸುಮ್ನೆ ನನ್ನ ಅಭಿಪ್ರಾಯ ಹೇಳುತ್ತಿಲ್ಲ. 1962ರ ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪ್ರತಿಭಟನೆಯೂ ಒಂದು ರೀತಿಯ ಮಾತೇ ಅಂತ ಒಪ್ಪಿಕೊಂಡಿತು. ಬಿಹಾರದ ಸರ್ಕಾರಿ ನೌಕರರು ಯಾವ ಬಗೆಯ ಪ್ರತಿಭಟನೆಯನ್ನೂ ಮಾಡಬಾರದು ಎಂಬ ನಿಯಮವನ್ನು ಆ ಮಟ್ಟಿಗೆ ರದ್ದು ಮಾಡಿತು. ಕಲ್ಲು ಹೊಡೆಯುವ ಗುಂಪಿಗೆ ಈ ರಕ್ಷಣೆ ಇಲ್ಲ ಅಂತಲೂ ಅದೇ ತೀರ್ಪಿನಲ್ಲಿದೆ.

ಹಾಗಾದರೆ ಸರಪಳಿ? ಸರಪಳಿ ಮಾತಲ್ಲ. ಹೋಗುವ ಹಕ್ಕಿರುವವರನ್ನು ಹೋಗದಂತೆ ತಡೆದರೆ ಅದು ಅಕ್ರಮ ತಡೆ. ಹಿಂದೆ ಸೆಕ್ಷನ್ 341, ಈಗ ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 126(2). ಶಿಕ್ಷೆ ದೊಡ್ಡದೇನಲ್ಲ, ಹೆಚ್ಚೆಂದರೆ ಒಂದು ತಿಂಗಳ ಸಾದಾ ಸಜೆ ಅಥವಾ 5,000 ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ. ಹುಡುಗರಿಗೆ ನಿಜವಾಗಿ ಕಷ್ಟ ಕೊಡುವುದು ಇನ್ನೊಂದು ಸೆಕ್ಷನ್. ಐದು ಅಥವಾ ಅದಕ್ಕಿಂತ ಜಾಸ್ತಿ ಜನ ಸೇರಿ, ಅವರೆಲ್ಲರ ಸಮಾನ ಉದ್ದೇಶ ಕಾನೂನಿಗೆ ವಿರುದ್ಧವಾಗಿದ್ದರೆ ಅದು ಅಕ್ರಮ ಕೂಟ. ಆ ಉದ್ದೇಶಕ್ಕಾಗಿ ಒಬ್ಬ ಮಾಡಿದ ತಪ್ಪು ಎಲ್ಲರ ತಲೆಗೆ ಬರುತ್ತದೆ. ಮೊದಲು 149, ಈಗ 190. ಬೇವಿನ ಗಿಡದ ಕೆಳಗೆ ನಿಂತಿದ್ದ ಏಳು ಜನರ ಹೆಸರು ಸರಪಳಿಯ ಜೊತೆ ಸೇರಿದ್ದು ಹೀಗೆ. ಪಕ್ಕದವ ಕಲ್ಲು ಎತ್ತಿದಾಗ, ಬೀಗ ತೆಗೆದಾಗ, ‘ಬ್ಯಾಡಲೇ’ ಅಂತ ಹೇಳಿ ದೂರ ಸರಿದು ನಿಲ್ಲುವುದು ಹೇಡಿತನವಲ್ಲ. ಅದು ನಿಮ್ಮ ಪ್ರತಿಭಟನೆಯನ್ನು ನೀವೇ ಉಳಿಸಿಕೊಳ್ಳುವ ದಾರಿ. ಆ ಕ್ಷಣ ಯಾರದಾದರೂ ಮೊಬೈಲಿನಲ್ಲಿ ವಿಡಿಯೋ ಆಗಿದ್ದರೆ ಇನ್ನೂ ಒಳ್ಳೆಯದು. ಅದನ್ನು ವಾಟ್ಸಾಪ್‌ನಲ್ಲಿ ಕಳಿಸಿ ಡಿಲೀಟ್ ಮಾಡಬೇಡಿ. ಮೂಲ ಫೋನನ್ನೇ ಜೋಪಾನ ಮಾಡಿ.

ಈಗ ಒಳಗಿನ ಸಭಾಂಗಣದ ಕಡೆ ಬರೋಣ. ವಿದ್ಯಾರ್ಥಿಗಳಿಗೆ ನನ್ನ ಮೇಲೆ ಸಿಟ್ಟು ಬರುವುದು ಇಲ್ಲೇ. ಭಾಷಣ ಕೇಳಲು ಬಂದು ಕೂತವರಿಗೂ ಹಕ್ಕಿದೆ. ಅವರಲ್ಲಿ ಅರ್ಧ ಜನ ಒಪ್ಪದವರೇ ಇರಬಹುದು. ಏನು ಹೇಳ್ತಾನೋ ನೋಡೋಣ ಅಂತ ಬಂದವರು. ಎರಡು ಗಂಟೆ ಘೋಷಣೆ ಕೂಗಿ ಒಂದು ಮಾತೂ ಕೇಳದಂತೆ ಮಾಡಿದರೆ ಆ ಕಿವಿಗಳಿಗೂ ಬೀಗ ಹಾಕಿದಂತೆ.

ಅಮೆರಿಕದ ವರ್ಮಾಂಟ್ ರಾಜ್ಯದ ಮಿಡಲ್‌ಬರಿ ಕಾಲೇಜಿನಲ್ಲಿ 2017ರ ಮಾರ್ಚ್ 2ರಂದು ನಡೆದದ್ದನ್ನು ನಾನು ಹುಡುಗರಿಗೆ ಆಗಾಗ ಹೇಳುತ್ತೇನೆ. ಜನಾಂಗ ಮತ್ತು ಬುದ್ಧಿಮತ್ತೆ ಬಗ್ಗೆ ಬರೆದು ಭಾರಿ ವಿರೋಧ ಕಟ್ಟಿಕೊಂಡ ಚಾರ್ಲ್ಸ್ ಮರ್ರೆ ಅಲ್ಲಿಗೆ ಭಾಷಣಕ್ಕೆ ಬಂದಿದ್ದರು. ಅವರು ಮಾತು ಶುರು ಮಾಡುತ್ತಿದ್ದಂತೆ ವಿದ್ಯಾರ್ಥಿಗಳು ಎದ್ದು ಬೆನ್ನು ತಿರುಗಿಸಿ ನಿಂತರು. ಎಂಥ ಗಟ್ಟಿ ಪ್ರತಿಭಟನೆ ಅದು! ಅಲ್ಲಿಗೇ ನಿಲ್ಲಿಸಿದ್ದರೆ ಇವತ್ತಿಗೂ ನಾವು ಅದನ್ನೇ ನೆನೆಯುತ್ತಿದ್ದೆವು. ಆದರೆ ಕೂಗು ನಿಲ್ಲಲಿಲ್ಲ. ಭಾಷಣವನ್ನು ಬೇರೆ ಕೋಣೆಯಿಂದ ವಿಡಿಯೋದಲ್ಲಿ ಪ್ರಸಾರ ಮಾಡಬೇಕಾಯಿತು. ಹೊರಗೆ ಹೋಗುವಾಗ ನೂಕುನುಗ್ಗಲಿನಲ್ಲಿ ಅವರ ಜೊತೆಗಿದ್ದ ಪ್ರಾಧ್ಯಾಪಕಿ ಆಲಿಸನ್ ಸ್ಟ್ಯಾಂಗರ್ ಅವರಿಗೆ ಕುತ್ತಿಗೆ, ತಲೆಗೆ ಪೆಟ್ಟಾಯಿತು. ಆಕೆ ವೇದಿಕೆಗೆ ಬಂದಿದ್ದೇ ಮರ್ರೆಗೆ ಬಿಗಿ ಪ್ರಶ್ನೆ ಕೇಳಲು. ಆ ಪ್ರಶ್ನೆಗಳನ್ನು ಆಕೆ ತುಂಬಿದ ಸಭೆಯ ಎದುರು ಕೇಳಬೇಕಿತ್ತು. ಕೇಳುವಂತಾಗಲಿಲ್ಲ.

ಇಷ್ಟು ಹೇಳಿದ ಮೇಲೆ, ನನ್ನ ದೊಡ್ಡ ದೂರು ವಿದ್ಯಾರ್ಥಿಗಳ ಮೇಲಲ್ಲ. ಕಾಲೇಜಿನ ಕಚೇರಿ ಮತ್ತು ಪೊಲೀಸರ ಮೇಲೆ. ‘ಅನಿವಾರ್ಯ ಕಾರಣಗಳಿಂದ ಕಾರ್ಯಕ್ರಮವನ್ನು ಮುಂದೂಡಲಾಗಿದೆ’ ಅಂತ ಒಂದು ನೋಟಿಸು ಅಂಟಿಸಿಬಿಟ್ಟರೆ ಎಲ್ಲರಿಗೂ ಹಗುರ. ಯಾರೋ ‘ಗಲಾಟೆ ಆಗ್ತದ ನೋಡ್ರಿ’ ಅಂತ ಫೋನ್ ಮಾಡಿದರೆ ಸಾಕು, ನೋಟಿಸು ಸಿದ್ಧ. ಇವತ್ತು ಮೀಸಲಾತಿ ವಿರೋಧಿಯ ಭಾಷಣ ನಿಂತಿತು ಅಂತ ಖುಷಿಪಟ್ಟವರು, ನಾಳೆ ದಲಿತ ಲೇಖಕರ ಭಾಷಣಕ್ಕೂ ಅದೇ ಫೋನು ಬರುವುದನ್ನು ನೋಡಬೇಕಾಗುತ್ತದೆ. ಎರಡೂ ಕಡೆಯ ಹುಡುಗರು ನನ್ನ ಆಫೀಸಿಗೆ ಬಂದು ಅತ್ತಿದ್ದಾರೆ.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. 1989ರ ಎಸ್. ರಂಗರಾಜನ್ ಪ್ರಕರಣವೂ ಮೀಸಲಾತಿಯನ್ನು ಟೀಕಿಸಿದ ಮಾತಿನದ್ದೇ, ಅದು ಒಂದು ತಮಿಳು ಸಿನಿಮಾ. ತೆರೆಗೆ ಬಂದರೆ ಗಲಭೆ ಆಗುತ್ತದೆ ಅಂತ ಸರ್ಕಾರ ವಾದಿಸಿತು. ಪ್ರತಿಭಟನೆಯ, ಮೆರವಣಿಗೆಯ, ಹಿಂಸೆಯ ಬೆದರಿಕೆ ಇದೆ ಅಂತ ಮಾತನ್ನು ಅದುಮುವಂತಿಲ್ಲ, ಆ ಬೆದರಿಕೆಯನ್ನು ತಡೆದು ಮಾತನ್ನು ಕಾಯುವುದು ಸರ್ಕಾರದ ಕರ್ತವ್ಯ, ನಮ್ಮಿಂದ ಆಗಲ್ಲ ಅಂತ ಕೈ ಚೆಲ್ಲುವಂತಿಲ್ಲ ಅಂತ ಸುಪ್ರೀಂ ಕೋರ್ಟು ಹೇಳಿತು. ಹಾಗಂತ ಪ್ರತಿಭಟನಾಕಾರರ ಬಾಯಿಗೆ ಬಟ್ಟೆ ತುರುಕಲೂ ಬರುವುದಿಲ್ಲ. 144ನೇ ಸೆಕ್ಷನ್ ಹಾಕಿ ಎಲ್ಲರನ್ನೂ ಮನೆಗೆ ಕಳಿಸುವ ಅಭ್ಯಾಸ ನಮ್ಮ ಜಿಲ್ಲೆಗಳಲ್ಲಿ ಹಳೆಯದು. ಈಗ ಅದು ನಾಗರಿಕ ಸುರಕ್ಷಾ ಸಂಹಿತೆಯ 163. ನ್ಯಾಯವಾದ ಅಭಿಪ್ರಾಯವನ್ನು, ಅಸಮಾಧಾನವನ್ನು ಹತ್ತಿಕ್ಕಲು ಈ ಅಧಿಕಾರ ಬಳಸಬಾರದು ಅಂತ ಸುಪ್ರೀಂ ಕೋರ್ಟಿನ 2020ರ ಅನುರಾಧಾ ಭಸೀನ್ ತೀರ್ಪು ಹೇಳುತ್ತದೆ. ಆದೇಶಕ್ಕೆ ಕಾರಣ ಬರೆದಿರಬೇಕು, ಅದು ಎಲ್ಲರಿಗೂ ಸಿಗಬೇಕು. ಇನ್ನೊಂದು ಮಾತು. ಆ ಆದೇಶ ಮೀರಿದ್ದಕ್ಕೆ 188 ಹಾಕಿದರೆ, ಸಂಬಂಧಪಟ್ಟ ಅಧಿಕಾರಿ ಲಿಖಿತವಾಗಿ ಕೋರ್ಟಿಗೆ ದೂರು ಕೊಡಬೇಕು. ಪೊಲೀಸರ ಚಾರ್ಜ್‌ಶೀಟ್ ಒಂದರ ಮೇಲೆಯೇ ಕೋರ್ಟು ಆ ಅಪರಾಧವನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಆ 188 ಈಗ ನ್ಯಾಯ ಸಂಹಿತೆಯ ಸೆಕ್ಷನ್ 223 ಆದ ಮೇಲೂ ನಿಯಮ ಅದೇ. ಎಷ್ಟೋ ಕೇಸುಗಳು ಬೀಳುವುದು ಇಲ್ಲೇ.

ಭಾಷಣಕಾರರಿಗೂ ಗೆರೆ ಇದೆಯಲ್ಲವೇ ಅಂತ ಕೇಳುತ್ತಾರೆ. ಇದೆ. ಸುಪ್ರೀಂ ಕೋರ್ಟಿನ 2015ರ ಶ್ರೇಯಾ ಸಿಂಘಲ್ ತೀರ್ಪು ಮಾತನ್ನು ಮೂರು ಮೆಟ್ಟಿಲಾಗಿ ನೋಡಿತು. ಚರ್ಚೆ ಮಾಡುವುದು, ಪರ ವಹಿಸಿ ವಾದಿಸುವುದು, ಪ್ರಚೋದಿಸುವುದು. ಮೊದಲ ಎರಡು ಎಷ್ಟೇ ಕಹಿಯಾಗಿದ್ದರೂ ತಡೆಯುವಂತಿಲ್ಲ. ಮೂರನೆಯದಕ್ಕೆ ಕಾಲಿಟ್ಟಾಗ ಮಾತ್ರ ಕಾನೂನು ಕೈ ಹಾಕಬಹುದು. ‘ಮೀಸಲಾತಿ ಬೇಡ’ ಅನ್ನುವುದು ವಾದ. ‘ಆ ಕೇರಿಯವರನ್ನು ಒದ್ದು ಓಡಿಸಿ’ ಅನ್ನುವುದು ಅಪರಾಧ. ಅಂಥ ಮಾತು ಕೇಳಿದರೆ ರೆಕಾರ್ಡ್ ಮಾಡಿ, ದೂರು ಕೊಡಿ. ಗುಂಪುಗಳ ನಡುವೆ ದ್ವೇಷ ಹುಟ್ಟಿಸುವುದರ ವಿರುದ್ಧ ನ್ಯಾಯ ಸಂಹಿತೆಯ ಸೆಕ್ಷನ್ 196 ಇದೆ, ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಇದೆ. ಆದರೆ ಮನಸ್ಸಿಗೆ ನೋವಾಯಿತು ಅಂತ ಎಲ್ಲದಕ್ಕೂ 196 ಕೇಳಬೇಡಿ. 2025ರ ಮಾರ್ಚ್ 28ರಂದು ಕವಿ, ರಾಜಕಾರಣಿ ಇಮ್ರಾನ್ ಪ್ರತಾಪ್‌ಗಢಿ ಅವರ ವಿರುದ್ಧದ ಎಫ್‌ಐಆರ್ ರದ್ದು ಮಾಡುವಾಗ ಸುಪ್ರೀಂ ಕೋರ್ಟು ಈ ಅಳತೆಗೋಲನ್ನು ಮತ್ತೆ ನೆನಪಿಸಿತು. ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನವರ ಕಣ್ಣಿಂದ ಅಳೆಯಬೇಕು, ಸಣ್ಣದಕ್ಕೂ ಅಳುಕುವವರ ಕಣ್ಣಿಂದಲ್ಲ.

ನಮ್ಮ ರಾಯಚೂರು, ಕೊಪ್ಪಳದ ಕಡೆಯವರಿಗೆ ಇದೆಲ್ಲ ಬೆಂಗಳೂರಿನವರ ಮಾತು ಅನ್ನಿಸಬಾರದು. ನಿಜಾಮರ ಆಳ್ವಿಕೆಯಲ್ಲಿ ಸಭೆ ಸೇರಲು ಪರವಾನಗಿ ಬೇಕಿದ್ದ ನೆಲ ಇದು. 1938ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಹಾಸ್ಟೆಲ್‌ಗಳಲ್ಲಿ ವಂದೇ ಮಾತರಂ ಹಾಡಿದ ವಿದ್ಯಾರ್ಥಿಗಳನ್ನು ಹೊರಗೆ ಹಾಕಿದರು. ನಾಗಪುರ ವಿಶ್ವವಿದ್ಯಾಲಯ ಕರೆದು ಸೇರಿಸಿಕೊಂಡಿತು. ಹಾಡಿದ್ದಕ್ಕೆ ಓದು ಕಳೆದುಕೊಂಡವರ ಸಂಸ್ಥಾನ ನಮ್ಮದು. ಇವತ್ತು ನಮ್ಮದೇ ಕಾಲೇಜುಗಳು ಬೋರ್ಡು ಹಿಡಿದ ಮಕ್ಕಳ ಅಪ್ಪಂದಿರನ್ನು ಕರೆಸಿ ಮುಚ್ಚಳಿಕೆ ಬರೆಸಿಕೊಳ್ಳುವಾಗ ಹೊಟ್ಟೆ ಉರಿಯುತ್ತದೆ. ಆ ಹುಡುಗಿಯ ಅಪ್ಪನೂ ಒಂದು ದಿನದ ಹಮಾಲಿ ಬಿಟ್ಟು ಬಂದು, ಓದಲು ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ಹಾಲ್ ಟಿಕೆಟ್ ತಡೆಹಿಡಿಯುತ್ತೇವೆ ಅಂತ ಹೆದರಿಸಿದ್ದರು. ಖಾಸಗಿ ಕಾಲೇಜೇ ಆಗಲಿ, ನೋಟಿಸು ಕೊಡದೆ, ವಿದ್ಯಾರ್ಥಿಯ ಮಾತು ಕೇಳದೆ ಶಿಸ್ತು ಕ್ರಮ ತೆಗೆದುಕೊಂಡರೆ ಅದು ನಿಲ್ಲುವುದು ಕಷ್ಟ. ಯುಜಿಸಿಯ 2023ರ ನಿಯಮಗಳ ಪ್ರಕಾರ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಬೇಕು, ಅದರ ಮೇಲೆ ವಿಶ್ವವಿದ್ಯಾಲಯಕ್ಕೊಬ್ಬರು ಓಂಬುಡ್ಸ್‌ಪರ್ಸನ್, ಅಂದರೆ ಮೇಲ್ಮನವಿ ಕೇಳುವವರು, ಇರಬೇಕು. ಅಲ್ಲಿಗೆ ಬರೆಯಿರಿ.

ಇನ್ನೂ ಒಂದು ಕೊರತೆ ನನ್ನನ್ನು ಕಾಡುತ್ತದೆ. ಎಂಬತ್ತರ ದಶಕದ ಕೊನೆಯಲ್ಲಿ ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತಿತು. ಆಮೇಲೆ, ಯಾರನ್ನು ಕರೆಸಬೇಕು ಅಂತ ಆಡಳಿತ ಮಂಡಳಿ ನಿರ್ಧಾರ ಮಾಡುವಾಗ ವಿದ್ಯಾರ್ಥಿಗಳ ಪರವಾಗಿ ಕೂರುವವರೇ ಇಲ್ಲ. ಆಹ್ವಾನ ಪತ್ರಿಕೆ ಅಚ್ಚಾದ ಮೇಲೆ ಗೊತ್ತಾಗುತ್ತದೆ. ಮೊದಲ ಮಾತುಕತೆ ಗೇಟಿನಲ್ಲೇ ಶುರುವಾಗುತ್ತದೆ, ಪೊಲೀಸ್ ಜೀಪಿನ ಎದುರು.

ಒಬ್ಬ ಪ್ರಿನ್ಸಿಪಾಲರು ಮಾತ್ರ ಒಂದು ವಾರ ಮೊದಲೇ ಫೋನ್ ಮಾಡಿದ್ದರು. ‘ವಕೀಲರೇ, ಭಾಷಣ ಕ್ಯಾನ್ಸಲ್ ಮಾಡಿಬಿಡ್ಲೇನು?’ ಬೇಡ ಅಂದೆ. ಗೇಟಿನಿಂದ ಹತ್ತು ಹೆಜ್ಜೆ ದೂರ ಪ್ರತಿಭಟನೆಗೆ ಜಾಗ ಗುರುತು ಮಾಡಿ, ಶಾಮಿಯಾನ ಹಾಕಿಸಿ, ಕುಡಿಯುವ ನೀರಿಡಿ, ನಮ್ಮ ಬಿಸಿಲು ಗೊತ್ತಲ್ಲ. ಭಾಷಣ ಎಷ್ಟು ಹೊತ್ತೋ ಪ್ರಶ್ನೆಗೂ ಅಷ್ಟೇ ಹೊತ್ತು ಕೊಡಿ, ಅದನ್ನು ಭಾಷಣಕಾರರಿಗೆ ಮೊದಲೇ ಬರೆದು ತಿಳಿಸಿ. ಅವರು ಹಾಗೇ ಮಾಡಿದರು. ಕಪ್ಪು ಪಟ್ಟಿ ಕಟ್ಟಿಕೊಂಡ ಹುಡುಗರೇ ಮುಂದಿನ ಸಾಲಿನಲ್ಲಿ ಕೂತರು. ಎರಡನೇ ವರ್ಷದ ಹುಡುಗನೊಬ್ಬ, ನಮ್ಮ ಭಾಗದವರಿಗೆ ಓದು, ಕೆಲಸದಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ಇಟ್ಟುಕೊಂಡು ಕೇಳಿದ ಪ್ರಶ್ನೆಗೆ ಭಾಷಣಕಾರರು ನೀರು ಕುಡಿದು, ‘ಇದನ್ನು ಓದಿಕೊಂಡು ಬಂದಿಲ್ಲ’ ಅಂದರು.

ಆ ಒಂಬತ್ತು ಜನರ ಕೇಸು? ಕಲಬುರಗಿ ಹೈಕೋರ್ಟ್ ಪೀಠದಲ್ಲಿ ಏಳು ಜನರ ಮೇಲಿನದು ರದ್ದಾಯಿತು. ವಿಡಿಯೋದಲ್ಲಿ ಬೇವಿನ ಗಿಡ, ಕೆಳಗೆ ನಿಂತ ಏಳು ಜನ ಸ್ಪಷ್ಟವಾಗಿ ಕಂಡರು. ಸರಪಳಿ ಹಾಕಿದ ಇಬ್ಬರು ರಾಯಚೂರಿನ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡು ದಂಡ ಕಟ್ಟಿದರು. ಹೈಕೋರ್ಟಿನ ಆದೇಶ ಬರುವ ಮೊದಲೇ ಆ ಹುಡುಗಿಗೆ ಸರ್ಕಾರಿ ಕೆಲಸದ ಆಯ್ಕೆಪಟ್ಟಿಯಲ್ಲಿ ಹೆಸರು ಬಂದಿತ್ತು. ಪೊಲೀಸ್ ವೆರಿಫಿಕೇಶನ್ ಫಾರ್ಮು ಹಿಡಿದು ಬಂದಳು. ‘ನಿಮ್ಮ ಮೇಲೆ ಕ್ರಿಮಿನಲ್ ಪ್ರಕರಣ ಇದೆಯೇ’ ಎಂಬ ಕಾಲಂ ಖಾಲಿ ಬಿಟ್ಟಿದ್ದಳು.

ಮುಚ್ಚಿಡಬೇಡ ಅಂದೆ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದ್ದದ್ದನ್ನು ಇದ್ದಹಾಗೆ ಬರೆಯಬೇಕು ಅಂದಿದೆ. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ವಿಷಯವನ್ನು ನೇಮಕಾತಿ ಮಾಡುವವರು ಬದಿಗಿಡಬಹುದು ಅಂತಲೂ ಅದರಲ್ಲೇ ಇದೆ. ಅವಳು ‘ಹೌದು’ ಅಂತ ಬರೆದು ಕ್ರೈಂ ನಂಬರ್ ತುಂಬಿದಳು. ಆಮೇಲೆ ಪೆನ್ನು ಎತ್ತಿಕೊಂಡೇ ಕೇಳಿದಳು.

‘ಬೋರ್ಡಿನ ಮ್ಯಾಲೆ ಏನಿತ್ತು ಅಂತ ಬರೀಲೇನ್ರಿ ಸರ್?’

‘ಬ್ಯಾಡ ತಂಗಿ. ಎಫ್‌ಐಆರ್ ಪ್ರತಿ ಲಗತ್ತಿಸು ಸಾಕು’ ಅಂದೆ. ಅದರ ಎರಡನೇ ಪುಟದಲ್ಲಿ ಠಾಣೆಯವರೇ ಟೈಪ್ ಮಾಡಿದ್ದರು. ಒಂದಕ್ಷರ ಬಿಡದೆ, ಪ್ರಶ್ನಾರ್ಥಕ ಚಿಹ್ನೆ ಸಮೇತ: ‘ನಮ್ಮಪ್ಪನ ಬೆವರಿಗೆ ಮೆರಿಟ್ ಇಲ್ಲವೇ?’